ವಾರ್ಡಿಗೆ ಚೀನೀ ಶುಶ್ರೂಷಾ ವಿಧಾನ: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡ

ಚೀನಾದ ಪಾರಂಪರಿಕ ವೈದ್ಯ ಆಸ್ಪತ್ರೆಗಳಲ್ಲಿ ಸೂಜಿ ಚುಚ್ಚುವುದು ವೈದ್ಯರ ಕೆಲಸ. ಆದರೆ ರೋಗಿಯ ಕಿವಿಗೆ ಬೀಜ ಅಂಟಿಸುವುದು, ಹೊಟ್ಟೆಗೆ ಬಿಸಿ ಉಪ್ಪಿನ ಗಂಟು ಇಡುವುದು, ಮೂಲಿಕೆ ಕಷಾಯದಲ್ಲಿ ಕಾಲು ನೆನೆಸುವುದು, ಬೆನ್ನಿಗೆ ಕಪ್ ಕೂರಿಸುವುದು ಇವೆಲ್ಲ ನರ್ಸ್‌ಗಳ ದಿನನಿತ್ಯದ ಕೆಲಸ. ಅಲ್ಲಿನ ರಾಷ್ಟ್ರೀಯ ಪಾರಂಪರಿಕ ವೈದ್ಯ ಆಡಳಿತವು 2015ರಲ್ಲಿ ನರ್ಸ್‌ಗಳಿಗೆಂದೇ 18 ವಿಧಾನಗಳ ಕೈಪಿಡಿಯೊಂದನ್ನು ಹೊರತಂದಿತು. ಯಾವ ವಿಧಾನಕ್ಕೆ ಎಷ್ಟು ಬಿಸಿ, ಎಷ್ಟು ಹೊತ್ತು, ಯಾರಿಗೆ ಕೂಡದು ಎಂಬುದೆಲ್ಲ ಅದರಲ್ಲಿದೆ. ಪಾಶ್ಚಾತ್ಯ ವೈದ್ಯ ಪದ್ಧತಿಯ ದೊಡ್ಡ ಆಸ್ಪತ್ರೆಗಳೂ ಈಚೆಗೆ ಇವುಗಳಲ್ಲಿ ಕೆಲವನ್ನು ಶಸ್ತ್ರಚಿಕಿತ್ಸೆಯ ವಾರ್ಡು, ಕ್ಯಾನ್ಸರ್ ವಾರ್ಡು, ಹೆರಿಗೆ ವಾರ್ಡುಗಳಿಗೆ ತಂದುಕೊಂಡಿವೆ.

ಹದಿನೆಂಟನ್ನೂ ಒಟ್ಟಿಗೆ ತರಲು ಹೋದ ವಾರ್ಡಿನಲ್ಲಿ ಒಂದೂ ಸರಿಯಾಗಿ ನಡೆಯುವುದಿಲ್ಲ. ಯಾವ ಎರಡು ಮೂರನ್ನು ಆರಿಸಬೇಕು ಎಂಬುದೇ ವಾರ್ಡ್ ಇನ್‌ಚಾರ್ಜ್‌ಗಳ ಮುಂದಿರುವ ಪ್ರಶ್ನೆ, ನರ್ಸಿಂಗ್ ಕಲಿಸುವವರ ಪ್ರಶ್ನೆಯೂ ಅದೇ. ಯಾವ ವಿಧಾನಕ್ಕೆ ಹೆಸರು ಹೆಚ್ಚು ಎಂದು ನೋಡಿ ಆರಿಸಿದರೆ ಕಪ್ಪಿಂಗ್ ಮತ್ತು ಮಾಕ್ಸಾ (ಒಣಗಿದ ಮೂಲಿಕೆಯ ಕಡ್ಡಿ ಹೊತ್ತಿಸಿ ಬಿಸಿ ಕೊಡುವುದು) ಮೊದಲು ಬರುತ್ತವೆ. ರೋಗಿಯ ಚರ್ಮಕ್ಕೆ ಎಷ್ಟು ಅರಿವಿದೆ, ನರ್ಸ್‌ಗೆ ಎಷ್ಟು ನಿಮಿಷ ಬಿಡುವಿದೆ ಎಂದು ನೋಡಿ ಆರಿಸಿದರೆ ಪಟ್ಟಿ ಹೆಚ್ಚುಕಡಿಮೆ ತಲೆಕೆಳಗಾಗುತ್ತದೆ. ಈ ಬರಹ ಎರಡನೆಯ ದಾರಿಯನ್ನು ಹಿಡಿದಿದೆ.

ಅಳೆಯಬೇಕಾದ ಐದು ಸಂಗತಿ

ಮೊದಲನೆಯದು, ತಪ್ಪಾದರೆ ಏನಾಗುತ್ತದೆ? ಒತ್ತುವ ವಿಧಾನದಲ್ಲಿ ಎಡವಿದರೆ ಚರ್ಮ ಕೆಂಪಾಗಬಹುದು. ಬೆಂಕಿಯ ವಿಧಾನದಲ್ಲಿ ಎಡವಿದರೆ ಸುಟ್ಟ ಗಾಯ. ಮೂಲಿಕೆಯ ವಿಧಾನದಲ್ಲಿ ಎಡವಿದರೆ ಬೊಬ್ಬೆ, ಅಲರ್ಜಿ, ಕೆಲವೊಮ್ಮೆ ಮೂತ್ರಪಿಂಡಕ್ಕೂ ಏಟು. ಒಂದೇ ವಿಧಾನದ ಅಪಾಯವೂ ಎಲ್ಲರಿಗೂ ಒಂದೇ ಅಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ 45 ಡಿಗ್ರಿಯ ನೀರೂ ಬಿಸಿ ಅನ್ನಿಸುವುದಿಲ್ಲ.

ಎರಡನೆಯದು ನರ್ಸ್‌ನ ಸಮಯ. ಒಬ್ಬ ರೋಗಿಗೆ 20 ನಿಮಿಷ ಹಿಡಿಯುವ ವಿಧಾನವನ್ನು ಹತ್ತು ಜನರಿಗೆ ಮಾಡಿದರೆ 200 ನಿಮಿಷ, ಅಂದರೆ ಒಬ್ಬ ನರ್ಸ್‌ನ ಅರ್ಧ ಪಾಳಿ. ಅದರ ಜೊತೆಗೆ ಸಾಮಗ್ರಿ ಹೊಂದಿಸುವುದು, ಪರದೆ ಎಳೆಯುವುದು, ಆಮೇಲೆ ಚರ್ಮ ನೋಡುವುದು, ಬರೆದಿಡುವುದು ಬೇರೆ. ಈ ಲೆಕ್ಕ ಹಾಕದೆ ಶುರು ಮಾಡಿದರೆ ಮೂರನೇ ವಾರಕ್ಕೆ ಎಲ್ಲವೂ ನಿಂತುಹೋಗುತ್ತದೆ.

ಮೂರನೆಯದು ಆಧಾರ. ಈ ವಿಧಾನಗಳ ಮೇಲೆ ಚೀನಾದಲ್ಲಿ ಅಧ್ಯಯನಗಳು ಬಹಳ ನಡೆದಿವೆ. ಆದರೆ ಹೆಚ್ಚಿನವು ಒಂದೇ ಆಸ್ಪತ್ರೆಯವು, ರೋಗಿಗಳ ಸಂಖ್ಯೆ ಕಡಿಮೆ. ಯಾರಿಗೆ ನಿಜವಾದ ಚಿಕಿತ್ಸೆ, ಯಾರಿಗೆ ಹುಸಿ ಚಿಕಿತ್ಸೆ ಎಂಬುದನ್ನು ರೋಗಿಯಿಂದ ಮುಚ್ಚಿಡುವುದೂ ಕಷ್ಟ. ಮಾಕ್ಸಾದ ಬಿಸಿಯನ್ನೂ ವಾಸನೆಯನ್ನೂ ಯಾರಿಗೆ ಮರೆಮಾಚಲು ಬರುತ್ತದೆ? ಹಾಗಾಗಿ ಯಾವುದಕ್ಕೆ ಗಟ್ಟಿ ಆಧಾರವಿದೆ, ಯಾವುದಕ್ಕೆ ಬರಿಯ ಭರವಸೆಯಿದೆ ಎಂಬುದನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು.

ನಾಲ್ಕನೆಯದು ಜಾಗ ಮತ್ತು ಹಣ. ಸಾಮಗ್ರಿಯ ಬೆಲೆ ಚೂರೇ ಆದರೂ ಅದಕ್ಕೆ ಬೇಕಾದ ಕೋಣೆ ದುಬಾರಿಯಾಗಬಹುದು. ಐದನೆಯದು, ಮನೆಗೆ ಹೋದ ಮೇಲೆ ರೋಗಿಯೋ ಮನೆಯವರೋ ಅದನ್ನು ಅಪಾಯವಿಲ್ಲದೆ ಮುಂದುವರಿಸಬಲ್ಲರೇ?

ಇವಿಷ್ಟರ ಜೊತೆ ಚೀನೀ ಶುಶ್ರೂಷೆಗೆ ತನ್ನದೇ ಆದ ಇನ್ನೊಂದು ಅಳತೆಯಿದೆ. ರೋಗಿಯ ಸ್ಥಿತಿ ಶೀತದ್ದೋ ಉಷ್ಣದ್ದೋ, ನಿಶ್ಶಕ್ತಿಯದೋ ತುಂಬಿಕೊಂಡದ್ದೋ ಎಂದು ನೋಡಿ ವಿಧಾನ ಆರಿಸುತ್ತಾರೆ. ಕೈಕಾಲು ತಣ್ಣಗಿದ್ದು ಬಿಸಿ ಬೇಕೆನ್ನುವವರಿಗೆ ಶಾಖ ಮತ್ತು ಮಾಕ್ಸಾ. ಜ್ವರ, ಬಾಯಾರಿಕೆ, ಕೆಂಪು ನಾಲಿಗೆ ಇದ್ದವರಿಗೆ ಅವೆರಡೂ ಬೇಡ. ಉಷ್ಣ, ಶೀತ ಎಂದು ಮಾತನಾಡುತ್ತಲೇ ಬೆಳೆದ ನಮಗೆ ಈ ವಿಂಗಡಣೆ ಹೊಸದೇನಲ್ಲ. ಆದರೂ ಇದನ್ನು ನಿರ್ಧರಿಸುವುದು ಆ ಪದ್ಧತಿ ಕಲಿತ ವೈದ್ಯರು. ನರ್ಸ್ ಅವರ ಲಿಖಿತ ಸೂಚನೆಯ ಮೇಲೆ ಕೆಲಸ ಮಾಡುತ್ತಾರೆ. ಪಾಶ್ಚಾತ್ಯ ಪದ್ಧತಿಯ ಕಾಲೇಜಿನಲ್ಲಿ ಓದಿ ಪಾರಂಪರಿಕ ಆಸ್ಪತ್ರೆಗೆ ಸೇರಿದ ನರ್ಸ್‌ಗಳಿಗೆ ಕನಿಷ್ಠ 100 ಗಂಟೆಯ ತರಬೇತಿಯನ್ನು ಚೀನಾದ ಮಾರ್ಗಸೂಚಿ ಕೇಳುತ್ತದೆ. ಬೇರೆಲ್ಲಿ ಶುರು ಮಾಡುವವರೂ ಇದಕ್ಕಿಂತ ಕಡಿಮೆಗೆ ಇಳಿಯದಿರುವುದು ಒಳ್ಳೆಯದು.

ಒತ್ತುಬಿಂದು: ಮೊದಲು ಇದನ್ನೇ ತನ್ನಿ

ಮುಂಗೈಯ ಒಳಬದಿಯಲ್ಲಿರುವ ನೇಯ್‌ಗ್ವಾನ್ ಬಿಂದುವನ್ನು ಪಿಸಿ 6 ಎಂದೂ ಕರೆಯುತ್ತಾರೆ. ಈ ಪಟ್ಟಿಯಲ್ಲಿ ಅತಿ ಗಟ್ಟಿ ಆಧಾರವಿರುವುದು ಇದಕ್ಕೆ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ ಮತ್ತು ವಾಂತಿಯ ಕುರಿತ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಬಳಗದ 2015ರ ಪರಿಶೀಲನೆ 59 ಪ್ರಯೋಗಗಳ 7,667 ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ಸೂಜಿ, ಒತ್ತಡ, ವಿದ್ಯುತ್ ಹೀಗೆ ಯಾವುದಾದರೊಂದು ಬಗೆಯಲ್ಲಿ ಈ ಬಿಂದುವನ್ನು ಪ್ರಚೋದಿಸಿದವರಲ್ಲಿ ಹುಸಿ ಚಿಕಿತ್ಸೆ ಪಡೆದವರಿಗಿಂತ ವಾಂತಿ, ವಾಕರಿಕೆ ಕಡಿಮೆಯಿದ್ದವು. ವಾಂತಿ ತಡೆಯುವ ಔಷಧಗಳೊಂದಿಗೆ ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಔಷಧ ನಿಲ್ಲಿಸಬೇಕಿಲ್ಲ, ಔಷಧದ ಜೊತೆಗೇ ಇದನ್ನು ಸೇರಿಸಬಹುದು.

ಜಾಗ ಗುರುತಿಸುವುದು ಹೀಗೆ. ಅಂಗೈ ಮೇಲೆ ಮಾಡಿಸಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ತೋರು, ನಡು ಮತ್ತು ಉಂಗುರ ಬೆರಳುಗಳ ಅಗಲದಷ್ಟು ಮೇಲಕ್ಕೆ ಹೋಗಿ. ಅಲ್ಲಿ ಎರಡು ಸ್ನಾಯುರಜ್ಜುಗಳ ನಡುವಿನ ತಗ್ಗೇ ಬಿಂದು. ರೋಗಿ ಮುಷ್ಟಿ ಸಡಿಲವಾಗಿ ಹಿಡಿದು ಮಣಿಕಟ್ಟನ್ನು ತುಸು ಬಗ್ಗಿಸಿದರೆ ರಜ್ಜುಗಳು ಎದ್ದು ಕಾಣುತ್ತವೆ. ಮೂರು ಬೆರಳು ಎಂದರೆ ರೋಗಿಯ ಮೂರು ಬೆರಳು. ಹೊಸಬರು ತಪ್ಪುವುದು ಇಲ್ಲಿಯೇ. ನರ್ಸ್ ತಮ್ಮ ಬೆರಳಿನಿಂದ ಅಳೆದರೆ ಮಕ್ಕಳಲ್ಲಿ, ಸಣ್ಣ ಮೈಕಟ್ಟಿನವರಲ್ಲಿ ಬಿಂದು ತಪ್ಪಿ ಮೇಲಕ್ಕೆ ಹೋಗಿಬಿಡುತ್ತದೆ. ಚೀನಾದಲ್ಲಿ ಅಳತೆಯ ಮಾನವೇ ರೋಗಿಯ ದೇಹ. ಅವರ ಹೆಬ್ಬೆರಳಿನ ಗಂಟಿನ ಅಗಲ ಒಂದು ತ್ಸುನ್, ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು ಸೇರಿದರೆ ಮೂರು ತ್ಸುನ್.

ಹೆಬ್ಬೆರಳಿನಿಂದ 1–2 ನಿಮಿಷ ಒತ್ತಬೇಕು. ಬರಿಯ ನೋವು ಬಂದರೆ ಸಾಲದು. ಒಳಗೆ ಭಾರವಾದಂತೆ, ಹಿಗ್ಗಿದಂತೆ, ಮಂದವಾಗಿ ನೊಂದಂತೆ ಅನ್ನಿಸಬೇಕು. ಗುಂಡಿಯಿರುವ ಮಣಿಕಟ್ಟು ಪಟ್ಟಿ ಕಟ್ಟಿದರೆ ನರ್ಸ್‌ನ ಸಮಯ ಉಳಿಯುತ್ತದೆ, ಸಾಮಾನ್ಯವಾಗಿ ಅರಿವಳಿಕೆಗೆ ಮುಂಚೆಯೇ ಅದನ್ನು ಹಾಕುತ್ತಾರೆ. ಡ್ರಿಪ್ ಇರುವ ಕೈಗೆ, ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ (ಫಿಸ್ಟುಲಾ) ಕೈಗೆ, ಸ್ತನ ಕ್ಯಾನ್ಸರ್‌ಗೆ ಕಂಕುಳ ಗ್ರಂಥಿ ತೆಗೆದ ಬದಿಯ ಕೈಗೆ ಪಟ್ಟಿ ಕಟ್ಟಬಾರದು. ಬೆರಳು ಊದಿದರೆ, ನೀಲಿಯಾದರೆ, ಜುಮ್ಮೆಂದರೆ ಕೂಡಲೇ ಬಿಚ್ಚಬೇಕು.

ಯಾರಿಗೆ ಮೊದಲು ಕೊಡಬೇಕು ಎಂಬುದಕ್ಕೂ ದಾರಿಯಿದೆ. ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಹಿಂದೆ ಶಸ್ತ್ರಚಿಕಿತ್ಸೆಯ ನಂತರ ವಾಂತಿಯಾಗಿರುವುದು ಅಥವಾ ಪ್ರಯಾಣದಲ್ಲಿ ವಾಂತಿಯಾಗುವ ಸ್ವಭಾವ, ಶಸ್ತ್ರಚಿಕಿತ್ಸೆಯ ನಂತರ ಮಾರ್ಫಿನ್‌ನಂಥ ಓಪಿಯಾಯ್ಡ್ ನೋವುನಿವಾರಕ ಬೇಕಾಗುವುದು, ಇವು ಅರಿವಳಿಕೆ ತಜ್ಞರು ಎಣಿಸುವ ನಾಲ್ಕು ಅಂಶಗಳು. ಎರಡು ಅಥವಾ ಹೆಚ್ಚು ಇದ್ದವರಿಂದ ಶುರು ಮಾಡಿದರೆ ಇರುವ ಸಮಯ ಸರಿಯಾದ ಕಡೆ ಖರ್ಚಾಗುತ್ತದೆ.

ಮೊಣಕಾಲಿನ ಕೆಳಗಿನ ತ್ಸುಸಾನ್‌ಲೀ ಬಿಂದುವನ್ನು ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಕರುಳು ಮತ್ತೆ ಚಲಿಸಲೆಂದು ಒತ್ತುತ್ತಾರೆ. ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಗುಳಿಯಿಂದ ರೋಗಿಯ ನಾಲ್ಕು ಬೆರಳು ಕೆಳಗೆ, ಕಣಕಾಲಿನ ಮುಂದಿನ ಮೂಳೆಯ (ಟಿಬಿಯಾ) ಅಂಚಿನಿಂದ ಒಂದು ಬೆರಳು ಹೊರಗೆ ಅದರ ಜಾಗ. ಇದಕ್ಕೆ ಪಿಸಿ 6ರಷ್ಟು ಗಟ್ಟಿ ಆಧಾರವಿಲ್ಲ, ಹಾನಿಯೂ ಇಲ್ಲವೆನ್ನುವಷ್ಟು ಕಡಿಮೆ. ಕಾಲಿನ ಒಳರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಶಂಕೆಯಿದ್ದರೆ ಮಾತ್ರ ಆ ಕಾಲನ್ನು ಮುಟ್ಟಬೇಡಿ. ಬಸುರಿಯರಲ್ಲಿ ಹೆಬ್ಬೆರಳು ತೋರುಬೆರಳುಗಳ ನಡುವಿನ ಹಗು ಬಿಂದುವನ್ನೂ ಒಳ ಹರಡಿನ ಮೇಲಿನ ಸಾನ್‌ಯಿನ್‌ಜ್ಯಾವ್ ಬಿಂದುವನ್ನೂ ಒತ್ತಬಾರದೆಂಬುದು ಆ ಪದ್ಧತಿಯ ಹಳೆಯ ನಿಯಮ. ವಾರ್ಡಿನ ಗೋಡೆಗೆ ಅಂಟಿಸುವ ಚಿತ್ರದಲ್ಲಿ ಇದನ್ನು ದೊಡ್ಡಕ್ಷರದಲ್ಲಿ ಬರೆಯಿರಿ.

ಕಿವಿಯ ಬೀಜ: ಸಮಯ ಕಡಿಮೆ, ಮನೆಗೂ ಒಯ್ಯಬಹುದು

ವಕ್ಕೇರಿಯಾ ಎಂಬ ಗಿಡದ ಸಾಸಿವೆಯಂಥ ಕಪ್ಪು ಬೀಜವನ್ನು ಸುಮಾರು 0.6 ಸೆಂ.ಮೀ. ಚೌಕದ ಅಂಟುಪಟ್ಟಿಯ ನಡುವಿಟ್ಟು ಕಿವಿಯ ನಿರ್ದಿಷ್ಟ ಬಿಂದುವಿಗೆ ಅಂಟಿಸುತ್ತಾರೆ. ನಿದ್ದೆ ಬಾರದಿರುವುದು, ಆತಂಕ, ಮಲಬದ್ಧತೆ, ಶಸ್ತ್ರಚಿಕಿತ್ಸೆಯ ನಂತರದ ನೋವು ಇದರ ಮುಖ್ಯ ಬಳಕೆ. ನಿದ್ದೆಗಾದರೆ ಕಿವಿಯ ಮೇಲ್ಭಾಗದ ತ್ರಿಕೋನ ತಗ್ಗಿನಲ್ಲಿರುವ ಶನ್‌ಮನ್, ಕಿವಿರಂಧ್ರದ ಪಕ್ಕದ ಬಟ್ಟಲಿನ ನಡುವಿನ ಹೃದಯ ಬಿಂದು, ಕೆಳಗಿನ ಉಬ್ಬಿನ ಒಳಬದಿಯ ಸಬ್‌ಕಾರ್ಟೆಕ್ಸ್ ಬಿಂದು ಸಾಮಾನ್ಯ ಆಯ್ಕೆ.

ಕಿವಿಯನ್ನು 75% ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಒದ್ದೆಯಿದ್ದರೆ ಪಟ್ಟಿ ಸಂಜೆಗೇ ಬೀಳುತ್ತದೆ. ಮೊಂಡು ತುದಿಯ ಕಡ್ಡಿಯಿಂದ ಮೆಲ್ಲಗೆ ಒತ್ತುತ್ತಾ ಆ ಜಾಗದಲ್ಲಿ ಅತಿ ಹೆಚ್ಚು ನೋಯುವ ಚುಕ್ಕೆ ಹುಡುಕಿ, ಚಿಮುಟದಿಂದ ಪಟ್ಟಿ ಇಡಬೇಕು. ಆಮೇಲೆ ರೋಗಿಯೇ ದಿನಕ್ಕೆ 3–5 ಬಾರಿ, ಪ್ರತಿ ಬಿಂದುವನ್ನು 1–2 ನಿಮಿಷ ಒತ್ತುತ್ತಾರೆ. ಸೆಕೆಗಾಲದಲ್ಲಿ 1–3 ದಿನ, ಚಳಿಗಾಲದಲ್ಲಿ 3–7 ದಿನ ಇಟ್ಟು, ಮುಂದಿನ ಸಲ ಇನ್ನೊಂದು ಕಿವಿಗೆ ಬದಲಿಸುತ್ತಾರೆ. ನರ್ಸ್‌ಗೆ ಹಿಡಿಯುವುದು ಒಟ್ಟು ಹತ್ತು ನಿಮಿಷ, ಅದೂ ಕೆಲವು ದಿನಕ್ಕೊಮ್ಮೆ. ಹಣ ಕಡಿಮೆಯಿರುವ ವಾರ್ಡಿಗೆ ಇದಕ್ಕಿಂತ ಅಗ್ಗದ್ದು ಒತ್ತುಬಿಂದು ಮಾತ್ರ.

ಇಲ್ಲಿ ಕೆಡುವುದು ಒಂದೇ ಕಾರಣಕ್ಕೆ. ರೋಗಿ ಬೀಜವನ್ನು ಒತ್ತುವ ಬದಲು ಉಜ್ಜುತ್ತಾರೆ. ಉಜ್ಜಿದರೆ ಚರ್ಮ ಸುಲಿಯುತ್ತದೆ, ಕಿವಿಯ ಮೃದ್ವಸ್ಥಿಯ ಹೊದಿಕೆಗೆ ಸೋಂಕು ತಗುಲಿದರೆ ವಾಸಿಯಾಗುವುದು ನಿಧಾನ, ಕಿವಿಯ ಆಕಾರವೇ ಕೆಡಬಹುದು. ಆದ್ದರಿಂದ ನೇರವಾಗಿ ಒತ್ತಿ ಬಿಡುವುದನ್ನು ತೋರಿಸಿ, ಅವರಿಂದ ಮಾಡಿಸಿ ನೋಡಿಯೇ ಮುಂದೆ ಹೋಗಬೇಕು. ಕಿವಿಯಲ್ಲಿ ಹುಣ್ಣು, ಇಸುಬು ಇದ್ದವರಿಗೆ, ಪದೇ ಪದೇ ಗರ್ಭಪಾತವಾದ ಬಸುರಿಯರಿಗೆ ಬೇಡ. ಬೀಜದ ಬದಲು ಅಯಸ್ಕಾಂತದ ಅಥವಾ ಲೋಹದ ಮಣಿ ಬಳಸಿದ್ದರೆ ಎಂಆರ್‌ಐ ಕೋಣೆಗೆ ಹೋಗುವ ಮುಂಚೆ ತೆಗೆಯಲೇಬೇಕು, ಆ ಪ್ರಶ್ನೆಯನ್ನು ಎಂಆರ್‌ಐ ಚೆಕ್‌ಲಿಸ್ಟ್‌ಗೇ ಸೇರಿಸಿಬಿಡಿ. ಬೀಜವನ್ನೇ ಬಳಸಿದರೆ ಈ ತಾಪತ್ರಯವಿಲ್ಲ. ನಿದ್ದೆಯ ವಿಷಯದಲ್ಲಿ ಅಧ್ಯಯನಗಳ ಫಲಿತಾಂಶ ಆಶಾದಾಯಕ, ಗುಣಮಟ್ಟ ಮಾತ್ರ ಸಾಧಾರಣ. ಆದರೂ ವಯಸ್ಸಾದವರಿಗೆ ನಿದ್ದೆ ಮಾತ್ರೆ ಕೊಟ್ಟರೆ ರಾತ್ರಿ ಎದ್ದು ಬೀಳುವ ಭಯವಿರುವುದರಿಂದ ಮೊದಲು ಇದನ್ನು ಪ್ರಯತ್ನಿಸಿ ನೋಡುವುದರಲ್ಲಿ ಅರ್ಥವಿದೆ.

ಶಾಖ: ಥರ್ಮಾಮೀಟರ್ ಇದ್ದರೆ ಮಾತ್ರ

ಶಾಖದಲ್ಲಿ ಎರಡು ಬಗೆ ವಾರ್ಡಿಗೆ ಹೊಂದುತ್ತವೆ. ಒಂದು, ಮೂಲಿಕೆ ಮತ್ತು ಕಲ್ಲುಪ್ಪಿನ ಬಿಸಿ ಗಂಟು. ವೂಜೂಯೂ ಎಂಬ ಒಣಗಿದ ಕಾಯನ್ನು ದಪ್ಪ ಉಪ್ಪಿನೊಂದಿಗೆ, ಸಾಮಾನ್ಯವಾಗಿ ತಲಾ 250 ಗ್ರಾಂ, ಬಟ್ಟೆಚೀಲದಲ್ಲಿ ತುಂಬಿ ಬಿಸಿ ಮಾಡಿ, ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆ ಉಬ್ಬರಿಸಿದವರಿಗೆ ಹೊಕ್ಕುಳಿನ ಸುತ್ತ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಆಡಿಸುತ್ತಾರೆ. ನಮ್ಮ ಮನೆಗಳಲ್ಲಿ ಸೊಂಟ ಹಿಡಿದಾಗ ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಡುವ ರೀತಿಯೇ ಇದು. ಆಸ್ಪತ್ರೆಗೆ ಬಂದಾಗ ಅದಕ್ಕೆ ಸೇರುವುದು ಅಳತೆ. 60–70 ಡಿಗ್ರಿಗೆ ಬಿಸಿ ಮಾಡಿ, 50–60ಕ್ಕೆ ಇಳಿದ ಮೇಲೆ ಬಳಸಬೇಕು. ವಯಸ್ಸಾದವರಿಗೆ, ಎಳೆಯ ಮಕ್ಕಳಿಗೆ, ಸ್ಪರ್ಶದ ಅರಿವು ಕುಂದಿದವರಿಗೆ 50 ದಾಟಬಾರದು. 15–30 ನಿಮಿಷ ಸಾಕು. ಬಿಸಿ ಜೋರಿರುವಾಗ ಗಂಟನ್ನು ಒಂದೆಡೆ ನಿಲ್ಲಿಸದೆ ಬೇಗ ಬೇಗ ಆಡಿಸಬೇಕು, ಆರುತ್ತಾ ಬಂದಂತೆ ನಿಧಾನಿಸಿ ಒತ್ತಬಹುದು.

ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ ಉಪ್ಪು ಎಲ್ಲೆಡೆ ಒಂದೇ ಸಮ ಕಾಯುವುದಿಲ್ಲ. ಹೊರಗೆ ಹದವಾಗಿದ್ದು ಒಳಗೆ ಕೆಂಡದಂತಿರುತ್ತದೆ. ಚೀಲವನ್ನು ಚೆನ್ನಾಗಿ ಕುಲುಕಿ, ಥರ್ಮಾಮೀಟರನ್ನು ನಡುವಿಗೆ ಚುಚ್ಚಿ ನೋಡಬೇಕು. ಅಂಗೈಯಿಂದ ಮುಟ್ಟಿ ನೋಡಿ ಕೊಟ್ಟುಬಿಡುವ ರೂಢಿಯನ್ನು ಮೊದಲ ದಿನದಿಂದಲೇ ನಿಲ್ಲಿಸಬೇಕು. ಎರಡನೇ ಎಚ್ಚರಿಕೆ ಇನ್ನೂ ಮುಖ್ಯ. ಬೆನ್ನಿಗೆ ಕೊಟ್ಟ ಎಪಿಡ್ಯೂರಲ್ ಅರಿವಳಿಕೆ ಇನ್ನೂ ಇಳಿಯದವರಿಗೆ ಹೊಟ್ಟೆ, ಸೊಂಟ, ಕಾಲುಗಳಿಗೆ ಯಾವ ಶಾಖವನ್ನೂ ಕೊಡಬಾರದು. ಅವರು ‘ಬಿಸಿ ಸಾಲದು’ ಎನ್ನುತ್ತಾರೆ, ಅದನ್ನು ನಂಬಿದರೆ ಸುಡುತ್ತದೆ. ಹೊಟ್ಟೆ ಉಬ್ಬರಕ್ಕೆ ಕಾರಣ ಗೊತ್ತಿಲ್ಲದಿರುವಾಗ, ಕರುಳು ಕಟ್ಟಿಕೊಂಡಿರುವ ಅಥವಾ ತೂತಾಗಿರುವ ಶಂಕೆಯಿದ್ದಾಗ, ಬಸುರಿಯರ ಹೊಟ್ಟೆ ಸೊಂಟಗಳಿಗೆ, ರಕ್ತಸ್ರಾವದ ತೊಂದರೆಯವರಿಗೆ ಈ ವಿಧಾನ ಕೂಡದು.

ಇನ್ನೊಂದು ಬಗೆ ಮೂಲಿಕೆ ನೀರಿನಲ್ಲಿ ಕಾಲು ನೆನೆಸುವುದು. ನೀರು 37–40 ಡಿಗ್ರಿ, ಸಮಯ ಹೆಚ್ಚೆಂದರೆ 30 ನಿಮಿಷ, ಊಟಕ್ಕೆ ಮುಂಚೆಯೂ ಆಮೇಲೂ ಒಂದು ಗಂಟೆ ಬಿಡುವು. ಮೈಯಲ್ಲಿ ತುಸು ಬೆವರು ಮೂಡಿದರೆ ಸಾಕು, ಬೆವರು ಸುರಿಯಬಾರದು. ಹೃದಯದ, ಮೂತ್ರಪಿಂಡದ ಕಾರಣಕ್ಕೆ ನೀರಿನ ಮಿತಿ ಇಲ್ಲದವರಿಗೆ ಕುಡಿಯಲು ಬೆಚ್ಚಗಿನ ನೀರು ಕೊಡುತ್ತಾರೆ. ತಲೆ ಸುತ್ತಿದರೆ ತಕ್ಷಣ ಕಾಲು ಹೊರಗೆ ತೆಗೆಸಿ ಮಲಗಿಸಬೇಕು.

ವಿಚಿತ್ರವೆಂದರೆ, ಈ ಸ್ನಾನವನ್ನು ಅತಿ ಹೆಚ್ಚು ಕೇಳುವವರು ಅದರಿಂದ ಅತಿ ಹೆಚ್ಚು ಅಪಾಯಕ್ಕೊಳಗಾಗುವವರೇ: ಸಕ್ಕರೆ ಕಾಯಿಲೆಯಿಂದ ಅಥವಾ ಕೀಮೋದಿಂದ ಪಾದ ಜೋಮುಗಟ್ಟಿದವರು. ಅವರಿಗೆ 38 ಡಿಗ್ರಿ ದಾಟದ ನೀರು, ಮೊದಲು ಬೆರಳುಗಳ ಸಂದಿಯ ಪರೀಕ್ಷೆ, ಬಿರುಕು ಅಥವಾ ಹುಣ್ಣಿದ್ದರೆ ಸ್ನಾನವೇ ಇಲ್ಲ. ಮನೆಗೆ ಕಳಿಸುವಾಗ ಇದೇ ಹೆಚ್ಚು ಹಾನಿ ಮಾಡುವ ಸಲಹೆಯಾಗಬಹುದು. ಮನೆಯಲ್ಲಿ ಥರ್ಮಾಮೀಟರ್ ಇರುವುದಿಲ್ಲ, ಆರಿದ ನೀರಿಗೆ ಯಾರೋ ಕುದಿನೀರು ಸುರಿಯುತ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟ. ಪಾದದ ಅರಿವು ಹೋದವರಿಗೆ ಆಸ್ಪತ್ರೆಯಲ್ಲಿ ಬೇಕಾದರೆ ಮಾಡಿ, ಮನೆಯಲ್ಲಿ ಮಾಡಿಕೊಳ್ಳಲು ಹೇಳಬೇಡಿ.

ಮಾಕ್ಸಾ: ಕಡ್ಡಿ ಅಗ್ಗ, ಕೋಣೆ ದುಬಾರಿ

ಗಣೇಶನ ಪತ್ರೆಪೂಜೆಗೆ ತರುವ ಮಾಚಿಪತ್ರೆಯ ಕುಲಕ್ಕೇ ಸೇರಿದ ಗಿಡದ ಎಲೆಯನ್ನು ಒಣಗಿಸಿ, ಕುಟ್ಟಿ ಹತ್ತಿಯಂತೆ ಮಾಡಿ, ಸುಮಾರು 20 ಸೆಂ.ಮೀ. ಉದ್ದದ ಕಡ್ಡಿಯಾಗಿ ಸುತ್ತುತ್ತಾರೆ. ಅದನ್ನು ಹೊತ್ತಿಸಿ ಚರ್ಮದಿಂದ 2–3 ಸೆಂ.ಮೀ. ದೂರದಲ್ಲಿ ಹಿಡಿದು, ಒಂದು ಬಿಂದುವಿಗೆ 10–15 ನಿಮಿಷ ಬಿಸಿ ಕೊಡುತ್ತಾರೆ. ಚರ್ಮ ನಸುಗೆಂಪಾದರೆ ಸಾಕು. ಹೊಟ್ಟೆ ತಣ್ಣಗಾಗಿ ನೋಯುವುದು, ಹೆರಿಗೆಯ ನಂತರ ಮೂತ್ರ ಕಟ್ಟಿಕೊಳ್ಳುವುದು, ಮುಟ್ಟಿನ ನೋವು ಇದರ ಸಾಮಾನ್ಯ ಬಳಕೆ.

ಅರಿವು ಕುಂದಿದವರಿಗೂ ಮಕ್ಕಳಿಗೂ ಮಾಕ್ಸಾ ಕೊಡುವಾಗ ಚೀನಾದ ನರ್ಸ್‌ಗಳು ತಮ್ಮ ತೋರು ಮತ್ತು ನಡುಬೆರಳನ್ನು ಬಿಂದುವಿನ ಎರಡೂ ಬದಿ ಚರ್ಮದ ಮೇಲಿಟ್ಟುಕೊಂಡು ಬಿಸಿಯನ್ನು ತಾವೇ ಅಳೆಯುತ್ತಾರೆ. ಬಹಳ ಒಳ್ಳೆಯ ಅಭ್ಯಾಸ. ಆದರೆ ಅಷ್ಟೂ ಹೊತ್ತು ನರ್ಸ್ ಅಲ್ಲಿಂದ ಕದಲುವಂತಿಲ್ಲ. ಕೈ ಬಿಡುವಾಗಲೆಂದು ಮರದ ಮಾಕ್ಸಾ ಪೆಟ್ಟಿಗೆ ಬಳಸುವವರಿದ್ದಾರೆ. ರೋಗಿ ಮಗ್ಗುಲಾದಾಗ ಪೆಟ್ಟಿಗೆ ವಾಲಿ, ಒಳಗಿನ ಕಡ್ಡಿ ಜಾಲರಿಗೆ ತಾಗಿ ಚರ್ಮ ಸುಡುತ್ತದೆ. ಬೂದಿಯನ್ನು ಆಗಾಗ ತಟ್ಟದಿದ್ದರೆ ಹಾಸಿಗೆಗೆ ಬೀಳುತ್ತದೆ. ಇನ್ನು ಆರಿಸುವ ಕೆಲಸ. ಮಾಕ್ಸಾ ಹೊರಗೆ ಆರಿದಂತೆ ಕಂಡು ಒಳಗೆ ಕನಲುತ್ತಲೇ ಇರುತ್ತದೆ, ಕಸದ ಬುಟ್ಟಿಯಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ. ಕಿರಿದಾದ ಬಾಯಿಯ ಬಾಟಲಿಗೆ ತುದಿ ಕೆಳಗೆ ಮಾಡಿ ತೂರಿಸಿ, ಗಾಳಿಯಿಲ್ಲದೆ ಆರುವಂತೆ ಮಾಡುವುದೇ ಸರಿಯಾದ ಕ್ರಮ.

ಆಮ್ಲಜನಕ ಕೊಡುತ್ತಿರುವ ರೋಗಿಯಿರುವ ಕೋಣೆಯಲ್ಲಿ ಮಾಕ್ಸಾ ಹೊತ್ತಿಸಲೇಬಾರದು. ಹಾಸಿಗೆಯ ತಲೆಭಾಗದಲ್ಲೆಲ್ಲ ಆಮ್ಲಜನಕದ ಪೈಪು ಇರುವ ಇಂದಿನ ವಾರ್ಡಿನಲ್ಲಿ ಇದೊಂದೇ ಕಾರಣ ಸಾಕು, ಅದಕ್ಕೆ ಪ್ರತ್ಯೇಕ ಕೋಣೆ ಬೇಕು. ಆ ಕೋಣೆಗೆ ಹೊಗೆ ಹೊರಹಾಕುವ ವ್ಯವಸ್ಥೆ ಬೇಕು. ಆಸ್ತಮಾ ಇರುವ ರೋಗಿಗೆ ಹೊಗೆ ಕೆಡುಕು ಎಂಬುದು ಎಲ್ಲರಿಗೂ ಹೊಳೆಯುತ್ತದೆ, ಆದರೆ ದಿನವಿಡೀ ಅದನ್ನು ಸೇವಿಸುವವರು ನರ್ಸ್‌ಗಳು. ಹೊಗೆಯಿಲ್ಲದ ಮಾಕ್ಸಾ ಎಂದು ಮಾರುವುದು ಇದ್ದಿಲು ಮಾಡಿದ ಕಡ್ಡಿ. ಹೊಗೆ ಕಡಿಮೆ, ಆದರೆ ಹೆಚ್ಚು ಕಾಯುತ್ತದೆ, ಹಾಗಾಗಿ ಮಾಮೂಲಿ ದೂರ ಸಾಲುವುದಿಲ್ಲ. ಹಣವೂ ಜಾಗವೂ ಇರುವ ಪಾರಂಪರಿಕ ಆಸ್ಪತ್ರೆಗೆ ಮಾಕ್ಸಾ ಸರಿ. ಸಾಮಾನ್ಯ ಆಸ್ಪತ್ರೆಗೆ ಅದೇ ಹೊಟ್ಟೆನೋವಿಗೆ ಉಪ್ಪಿನ ಗಂಟು ಸಾಕು.

ಕಪ್ಪಿಂಗ್ ಮತ್ತು ಗ್ವಾಶಾ

ಕುತ್ತಿಗೆ, ಬೆನ್ನು, ಭುಜದ ಹಳೆಯ ನೋವಿಗೆ ಈ ಎರಡೂ ಸ್ವಲ್ಪ ಕಾಲದ ಆರಾಮ ಕೊಡುತ್ತವೆ. ಆಧಾರದ ಗುಣಮಟ್ಟ ಕೆಳಮಟ್ಟದ್ದೇ. ಗಾಜಿನ ಕಪ್ಪಿಗೆ 95% ಆಲ್ಕೋಹಾಲ್‌ನ ಹತ್ತಿಯುಂಡೆ ಹೊತ್ತಿಸಿ, ಒಳಗೆ ಆಡಿಸಿ ತೆಗೆದು, ತಕ್ಷಣ ಚರ್ಮಕ್ಕೆ ಕೂರಿಸುತ್ತಾರೆ. ಸುಮಾರು ಹತ್ತು ನಿಮಿಷ ಬಿಡುತ್ತಾರೆ. ಸುಡುವ ಅವಘಡಗಳಿಗೆ ಕಾರಣ ಹೆಚ್ಚಾಗಿ ಎರಡೇ: ಹತ್ತಿಯನ್ನು ಹಿಂಡದೆ ಆಲ್ಕೋಹಾಲ್ ತೊಟ್ಟಿಕ್ಕುವುದು, ಮತ್ತು ಜ್ವಾಲೆ ಕಪ್ಪಿನ ಅಂಚಿಗೆ ತಾಗಿ ಅಂಚು ಕಾಯುವುದು. ತೆಗೆಯುವಾಗ ಕಪ್ಪನ್ನು ಎಳೆಯಬಾರದು, ಅಂಚಿನ ಪಕ್ಕದ ಚರ್ಮವನ್ನು ಬೆರಳಿನಿಂದ ಅದುಮಿ ಗಾಳಿ ಒಳಹೋಗುವಂತೆ ಮಾಡಬೇಕು. ಪಂಪಿನಿಂದ ಗಾಳಿ ಎಳೆಯುವ ಪ್ಲಾಸ್ಟಿಕ್ ಕಪ್ಪಿಗೆ ಬೆಂಕಿಯೇ ಬೇಡ. ಬಿಸಿಯ ಗುಣ ಸಿಗುವುದಿಲ್ಲ ಎಂದು ಹಳಬರು ಅದನ್ನು ಇಷ್ಟಪಡುವುದಿಲ್ಲ, ಆದರೆ ವಾರ್ಡಿಗೆ ನಾನು ಸೂಚಿಸುವುದು ಅದನ್ನೇ. ಚುಚ್ಚಿ ರಕ್ತ ತೆಗೆಯುವ ಕಪ್ಪಿಂಗನ್ನು ನರ್ಸ್‌ಗಳ ಪಟ್ಟಿಗೆ ಸೇರಿಸಬೇಡಿ.

ಗ್ವಾಶಾದಲ್ಲಿ ಎಣ್ಣೆ ಹಚ್ಚಿದ ಚರ್ಮವನ್ನು ನಯವಾದ ಅಂಚಿನ ಫಲಕದಿಂದ ಒಂದೇ ದಿಕ್ಕಿಗೆ, ಒಂದೊಂದು ಜಾಗದಲ್ಲಿ 10–20 ಸಲ ಕೀಸುತ್ತಾರೆ. ಕೆಂಪು ಚುಕ್ಕೆ ಮೂಡದಿದ್ದರೆ ಬಲ ಹೆಚ್ಚಿಸಬೇಕೆಂಬ ಹಟ ಬೇಡ. ಹಳೆಯ ಗುರುತು ಮಾಯುವವರೆಗೆ, ಅಂದರೆ 3–6 ದಿನ, ಅದೇ ಜಾಗವನ್ನು ಮತ್ತೆ ಕೀಸಬಾರದು. ಫಲಕ ಪ್ರತಿ ರೋಗಿಗೂ ಸೋಂಕುನಿವಾರಣೆಯಾಗಬೇಕು. ಕೊಂಬಿನ ಫಲಕ ಪದೇ ಪದೇ ರಾಸಾಯನಿಕದಲ್ಲಿ ಮುಳುಗಿಸಿದರೆ ಬಿರಿಯುತ್ತದೆ, ಆ ಬಿರುಕಿನಲ್ಲಿ ಕೊಳೆ ಕೂರುತ್ತದೆ.

ಎರಡಕ್ಕೂ ಒಂದೇ ದೊಡ್ಡ ಅಡ್ಡಿ: ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಔಷಧದವರು, ಪ್ಲೇಟ್‌ಲೆಟ್ ಕುಸಿದವರು, ಮೈ ಊದಿಕೊಂಡವರು, ತೀರಾ ಸೊರಗಿದವರು. ಹೃದ್ರೋಗ, ಪಾರ್ಶ್ವವಾಯು, ಕ್ಯಾನ್ಸರ್ ವಾರ್ಡುಗಳಲ್ಲಿ ಇವರೇ ಹೆಚ್ಚು. ಹಾಗಾಗಿ ಈ ಜೋಡಿ ಮೂಳೆ ಮತ್ತು ಫಿಸಿಯೋಥೆರಪಿ ವಿಭಾಗಕ್ಕೆ ಮಾತ್ರ ಒಪ್ಪುತ್ತದೆ. ಗುರುತುಗಳು ಹೊಡೆತದ ಗಾಯದಂತೆ ಕಾಣುವುದರಿಂದ ಮೊದಲೇ ರೋಗಿಗೂ ಮನೆಯವರಿಗೂ ತಿಳಿಸಿ, ಕೇಸ್ ಶೀಟಿನಲ್ಲಿ ಬರೆದಿಡಬೇಕು.

ಮೂಲಿಕೆ ಲೇಪ, ಮೂಲಿಕೆ ಎನಿಮಾ: ಕೊನೆಗೆ

ಚೀನಾದ ಕಡುಬೇಸಿಗೆಯಲ್ಲಿ ಆಸ್ತಮಾ, ಹಳೆಯ ಕೆಮ್ಮಿನವರ ಬೆನ್ನಿಗೆ ಬಿಳಿ ಸಾಸಿವೆ, ಶೀಶಿನ್ ಮುಂತಾದವನ್ನು ಶುಂಠಿರಸದಲ್ಲಿ ಕಲಸಿ ಅಂಟಿಸುವ ಲೇಪಕ್ಕೆ ಜನ ಸಾಲುಗಟ್ಟುತ್ತಾರೆ. ದೊಡ್ಡವರಿಗೆ ಕೆಲವು ಗಂಟೆ, ಮಕ್ಕಳಿಗೆ 1–2 ಗಂಟೆ. ಹೆಚ್ಚು ಹೊತ್ತು ಬಿಟ್ಟರೆ ಸಾಸಿವೆ ಬೊಬ್ಬೆ ಎಬ್ಬಿಸುತ್ತದೆ. ಶೀಶಿನ್ ಗಿಡದಲ್ಲಿ ಮೂತ್ರಪಿಂಡಕ್ಕೆ ವಿಷವಾದ ಅರಿಸ್ಟೊಲೋಕಿಕ್ ಆಮ್ಲವಿದೆ. ಎಲೆಗಳಲ್ಲಿ ಅದು ಹೆಚ್ಚಿರುವುದರಿಂದ 2005ರ ಚೀನೀ ಔಷಧಕೋಶ ಇಡೀ ಗಿಡದ ಬದಲು ಬೇರನ್ನಷ್ಟೇ ಬಳಸಲು ನಿಗದಿ ಮಾಡಿತು. ಮೂಲಿಕೆ ಎಲ್ಲಿಂದ ಬಂತು, ಯಾವ ಭಾಗ ಎಂದು ತಿಳಿಯುವ ಔಷಧಾಗಾರ ಇಲ್ಲದ ಆಸ್ಪತ್ರೆ ಈ ಕೆಲಸಕ್ಕೆ ಕೈಹಾಕಬಾರದು.

ರೂಬಾರ್ಬ್ ಬೇರಿನ ಕಷಾಯದ ಎನಿಮಾವನ್ನು ಡಯಾಲಿಸಿಸ್ ಹಂತಕ್ಕೆ ಬಾರದ ಮೂತ್ರಪಿಂಡ ರೋಗಿಗಳಿಗೆ ಕೊಡುತ್ತಾರೆ. 39–41 ಡಿಗ್ರಿ, 200 ಮಿ.ಲೀ. ಮೀರದಂತೆ, ದ್ರವದ ಮಟ್ಟ ಗುದದಿಂದ 30 ಸೆಂ.ಮೀ.ಗಿಂತ ಎತ್ತರವಿಲ್ಲದಂತೆ ಇಳಿಸಿ, ಒಂದು ಗಂಟೆಯಾದರೂ ಒಳಗೆ ಉಳಿಯುವಂತೆ ನೋಡುತ್ತಾರೆ. ಎತ್ತರ ಹೆಚ್ಚಿದರೆ ಒತ್ತಡ ಹೆಚ್ಚಿ ತಕ್ಷಣ ಹೊರಬರುತ್ತದೆ. ಇದು ಮೂತ್ರಪಿಂಡ ತಜ್ಞರ ನಿಗಾದಲ್ಲಿ ನಡೆಯಬೇಕಾದ ಚಿಕಿತ್ಸೆ, ಹೊಸದಾಗಿ ಶುರು ಮಾಡುವ ವಾರ್ಡಿನ ಪಟ್ಟಿಯಲ್ಲಿ ಇರಬೇಕಿಲ್ಲ. ಬಿಂದುವಿಗೆ ಔಷಧ ಚುಚ್ಚುವುದು, ಚರ್ಮದೊಳಗೆ ಪುಟ್ಟ ಸೂಜಿ ಉಳಿಸುವುದು ಚೀನಾದ ಹೊರಗಿನ ನರ್ಸ್‌ಗಳಿಗೆ ಸಲ್ಲವು.

ಬಾದ್ವಾನ್‌ಜಿನ್: ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಆಯ್ಕೆ

ಎಂಟು ಚಲನೆಗಳ ಈ ನಿಧಾನ ವ್ಯಾಯಾಮಕ್ಕೆ ಬೇಕಾದ್ದು ಕೈ ಚಾಚುವಷ್ಟು ಜಾಗ, 12–15 ನಿಮಿಷ. ಒಬ್ಬ ನರ್ಸ್ ಹತ್ತು ಜನರಿಗೆ ಒಟ್ಟಿಗೆ ಹೇಳಿಕೊಡಬಹುದು, ಮೇಲೆ ಹೇಳಿದ 200 ನಿಮಿಷದ ಲೆಕ್ಕ ಇಲ್ಲಿ ಹದಿನೈದಕ್ಕೆ ಇಳಿಯುತ್ತದೆ. 2020ರ ಫೆಬ್ರವರಿಯಲ್ಲಿ ವುಹಾನ್‌ನ ಜ್ಯಾಂಗ್‌ಶ್ಯಾ ತಾತ್ಕಾಲಿಕ ಕೋವಿಡ್ ಆಸ್ಪತ್ರೆಯಲ್ಲಿ ಸೌಮ್ಯ ಲಕ್ಷಣದ ರೋಗಿಗಳಿಗೆ ಹಾಸಿಗೆಗಳ ಪಕ್ಕದಲ್ಲೇ ಇದನ್ನು ಮಾಡಿಸಿದರು. ಶ್ವಾಸಕೋಶದ ಹಳೆಯ ಕಾಯಿಲೆ, ಹೃದಯಾಘಾತದ ನಂತರದ ಚೇತರಿಕೆಯಲ್ಲಿ ಚೀನಾದಲ್ಲಿ ಬಳಕೆ ಹೆಚ್ಚು. ನಿಲ್ಲಲಾರದವರಿಗೆ ಕುರ್ಚಿಯಲ್ಲಿ ಕುಳಿತು ಮಾಡುವ ರೂಪವಿದೆ. ಬಗ್ಗುವ ಚಲನೆಯಲ್ಲಿ ತಲೆ ಸೊಂಟಕ್ಕಿಂತ ಕೆಳಗಿಳಿದರೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದಾಗ ಕಣ್ಣು ಕತ್ತಲಿಡಬಹುದು, ಅವರಿಗೆ ಅರ್ಧಕ್ಕೆ ನಿಲ್ಲಿಸಲು ಹೇಳಿ. ಎದೆ ಸೀಳಿ ಶಸ್ತ್ರಚಿಕಿತ್ಸೆಯಾದವರಿಗೆ ಎದೆಮೂಳೆ ಕೂಡುವವರೆಗೆ ಬಿಲ್ಲು ಎಳೆಯುವ ಚಲನೆ ಬಿಡಿಸಬೇಕು.

ಯಾವ ವಾರ್ಡಿಗೆ ಯಾವುದು

ಶಸ್ತ್ರಚಿಕಿತ್ಸೆಯ ವಾರ್ಡಿಗೆ ಪಿಸಿ 6 ಪಟ್ಟಿ ಮೊದಲು, ಅದು ಹದಕ್ಕೆ ಬಂದ ಮೇಲೆ ಉಪ್ಪಿನ ಗಂಟು. ಕೀಮೋ ವಾರ್ಡಿಗೆ ಪಿಸಿ 6 ಮತ್ತು ಕಿವಿಯ ಬೀಜ. ಬಿಳಿ ರಕ್ತಕಣ ತೀರಾ ಕುಸಿದ ದಿನಗಳಲ್ಲಿ ಕಿವಿಯ ಬೀಜವೂ ಬೇಡ. ವೃದ್ಧರ ವಾರ್ಡಿಗೆ ಕಿವಿಯ ಬೀಜ, ಕುರ್ಚಿಯ ಬಾದ್ವಾನ್‌ಜಿನ್. ಮೂಳೆ ವಿಭಾಗಕ್ಕೆ ಪಂಪ್ ಕಪ್ಪು. ಐಸಿಯುಗೆ ಒತ್ತುಬಿಂದು ಬಿಟ್ಟು ಯಾವುದೂ ಬೇಡ. ಹಣವೇ ಇಲ್ಲ, ಜನವೂ ಕಡಿಮೆ ಎನ್ನುವ ಆಸ್ಪತ್ರೆ ಒತ್ತುಬಿಂದು ಮತ್ತು ಬಾದ್ವಾನ್‌ಜಿನ್‌ಗೆ ನಿಂತರೆ ಏನೂ ಕಳೆದುಕೊಳ್ಳುವುದಿಲ್ಲ.

ಕರ್ನಾಟಕದ ಓದುಗರಿಗೆ ಒಂದು ಮಾತು. ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಆಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಗುರುತಿಸಿತು. ಅದರಿಂದ ವಾರ್ಡಿನ ನರ್ಸ್‌ಗೆ ಸೂಜಿ ಚುಚ್ಚುವ ಅಧಿಕಾರ ಬಂದಿಲ್ಲ. ನಮ್ಮ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ವೈದ್ಯರು ಆಕ್ಯುಪಂಕ್ಚರನ್ನು ಪಠ್ಯದಲ್ಲೇ ಓದಿರುತ್ತಾರೆ. ಬಿಂದುಗಳ ತರಬೇತಿಗೆ ಅವರನ್ನು ಕರೆಸುವುದು ಹತ್ತಿರದ ದಾರಿ.

ಯಾವುದನ್ನೇ ಶುರು ಮಾಡಿದರೂ ಒಂದು ವಾರ್ಡು, ಒಂದು ವಿಧಾನ, ಒಂದು ಲಕ್ಷಣ ಎಂದು ಇಟ್ಟುಕೊಳ್ಳಿ. ಮುಂಚೆ ಮತ್ತು ಆಮೇಲೆ 0–10ರ ಅಂಕದಲ್ಲಿ ಲಕ್ಷಣದ ತೀವ್ರತೆ, ಬಿಂದುವಿನ ಹೆಸರು, ಬದಿ, ನಿಮಿಷ, ಶಾಖವಾದರೆ ಥರ್ಮಾಮೀಟರ್ ತೋರಿಸಿದ ಡಿಗ್ರಿ, ಮುಗಿದ ಮೇಲಿನ ಚರ್ಮದ ಸ್ಥಿತಿ ಇಷ್ಟನ್ನೂ ಬರೆಯಿರಿ. ಜೊತೆಗೆ ಕೊಟ್ಟ ಔಷಧವನ್ನೂ ಬರೆಯದಿದ್ದರೆ ಯಾವುದರಿಂದ ಗುಣವಾಯಿತೆಂದು ಯಾರೂ ಹೇಳಲಾರರು. ಸುಟ್ಟರೆ ಕೂಡಲೇ ಶಾಖ ತೆಗೆದು, ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು, ವೈದ್ಯರಿಗೆ ತಿಳಿಸಿ. ಸಣ್ಣ ಬೊಬ್ಬೆಯನ್ನು ಒಡೆಯದೆ ಮುಚ್ಚಿಡಬೇಕು, ದೊಡ್ಡದನ್ನು ವೈದ್ಯರ ಸೂಚನೆಯಂತೆ ಸ್ಟೆರೈಲ್ ಸೂಜಿಯಿಂದ ಬಸಿಯಬೇಕು. ಒಂದೇ ವಿಧಾನದಲ್ಲಿ ಎರಡನೇ ಸಲ ಸುಟ್ಟ ಗಾಯವಾದರೆ, ಕಾರಣ ಸಿಗುವವರೆಗೆ ಆ ವಾರ್ಡಿನಲ್ಲಿ ಆ ವಿಧಾನವನ್ನು ನಿಲ್ಲಿಸಿ.